ಟೈಲರಣ್ಣನ ಕುತ್ತಿಗೆ

ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ವಾಸನೆ ಮೊನ್ನೆ ಸೊಸೆಯ ಕೋಣೆಯಿಂದ ಬಂತು. ಬಳ್ಳಾರಿಯ ನಮ್ಮ ಓಣಿಯ ಟೈಲರಣ್ಣ ನೆನಪಾದರು… ಎಪ್ಪತ್ತರ ದಶಕ. ನಾನಾಗ ಮೆಡಿಕಲ್ ಓದುತ್ತಿದ್ದೆ. ಅವರು ಕುರುಗೋಡಿನವರು. ಕತ್ತು ಬಲು ಗಿಡ್ಡ. ಊರವರ ಕಾಲರ್ ಅಳೆಯುವವರಿಗೆ ತಮ್ಮದೇ ಕಾಲರ್ ಕೂಡುವುದಿಲ್ಲವೆಂದು ನಾವು ಚೇಷ್ಟೆ ಮಾಡುತ್ತಿದ್ದೆವು.

ದಿನವಿಡೀ ತಗ್ಗಿ ಹೊಲಿದು, ಸಂಜೆ ಪಕ್ಕದ ಹೇರ್ ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆಯ ಲಟಿಕೆ ತೆಗೆಸಿಕೊಳ್ಳುವುದು ಅವರ ರೂಢಿ. ಅಂಗಡಿಯವರು ಅವರ ಗೆಳೆಯರೇ. ಗದ್ದ ಹಿಡಿದು ಆ ಕಡೆ ಈ ಕಡೆ ಲಟಕ್ಕನೆ ತಿರುವುತ್ತಿದ್ದರು.

ಒಮ್ಮೆ ನನ್ನ ಬಿಳಿ ಅಂಗಿಗೆ ಕಾಜಾ ಹೊಲಿಯುವಾಗ ಬಟ್ಟೆಯ ಮೇಲೆ ರಕ್ತ ಕಂಡಿತು. ಸೂಜಿ ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

“ಕೈ ಜೋಮು ಹಿಡಿದಂಗ ಆಗತೈತ್ರಿ ಡಾಕ್ಟ್ರ. ಲಟಿಕಿ ತಗಿಸಿದ್ರ ಹಗುರಾಗತೈತಿ,” ಎಂದರು.

ನಮ್ಮ ಮೆಡಿಕಲ್ ಕಾಲೇಜಿನ ಮೇಷ್ಟ್ರ ಬಳಿ ಕರೆದೊಯ್ದೆ. ಎಕ್ಸ್‌ರೇ ತೆಗೆಸಿದಾಗ, ಕತ್ತಿನ ಮೊದಲ ಮೂಳೆ ಹುಟ್ಟಿನಿಂದಲೇ ತಲೆಬುರುಡೆಗೆ ಬೆಸೆದುಕೊಂಡಿದ್ದು ಕಂಡಿತು. ಎರಡನೆಯ ಮೂಳೆಯ ಗೂಟದಂಥ ತುದಿ ಮೇಲೇರಿ ಬೆನ್ನುಹುರಿಯನ್ನು ಒತ್ತುತ್ತಿತ್ತು. ಇಂಥ ವ್ಯತ್ಯಾಸವಿದ್ದೂ ಜೀವನಪೂರ್ತಿ ಏನೂ ಆಗದವರಿದ್ದಾರೆ. ಅಣ್ಣನಿಗೆ ಆ ಅದೃಷ್ಟವಿರಲಿಲ್ಲ. ಮದ್ರಾಸಿನಲ್ಲಿ ಆಪರೇಷನ್ ಆಗುವವರೆಗೆ ಕತ್ತನ್ನು ಯಾರ ಕೈಗೂ ಕೊಡಬೇಡಿ, ತಿರುವಿದರೆ ಉಸಿರೇ ನಿಂತೀತು ಎಂದರು ಮೇಷ್ಟ್ರು.

ಅಣ್ಣ ಲಟಿಕೆ ಬಿಟ್ಟರು. ಆ ಅಂಗಡಿಗೆ ಹೋಗುವುದನ್ನೇ ಬಿಟ್ಟು ಗಡ್ಡ ಬೆಳೆಸಿದರು. ಗೆಳೆಯನಿಗೆ ಮಾತ್ರ ಕಾರಣ ಹೇಳಲಿಲ್ಲ. ಹೇಳಿಬಿಡಿ ಎಂದು ನಾನು ಬೆನ್ನುಬಿದ್ದೆ.

“ಕಟಿಂಗ್ ಅಂಗಡ್ಯಾಗ ಹೇಳಿದ್ರ ಊರಿಗೆಲ್ಲಾ ಗೊತ್ತಾಗತೈತ್ರಿ. ಕೈ ಹೋದ ಟೈಲರಗ ಯಾರು ಬಟ್ಟಿ ಕೊಡ್ತಾರ?”

ಮದ್ರಾಸಿಗೆ ಹೊರಡುವ ಹಿಂದಿನ ದಿನ ಗಡ್ಡ ತೆಗೆಸಲು ಅದೇ ಅಂಗಡಿಗೆ ಹೋದರಂತೆ. ಕುರ್ಚಿಯಲ್ಲೇ ತೂಕಡಿಕೆ ಬಂತು. ಮುನಿಸಿಕೊಂಡಿದ್ದಾನೆಂದು ತಾವು ತಿಳಿದಿದ್ದ ಗೆಳೆಯ ಕೊನೆಗೂ ಬಂದನೆಂಬ ಖುಷಿಯಲ್ಲಿ ಅಂಗಡಿಯವರು ಕೇಳದೆಯೇ ಗದ್ದ ಹಿಡಿದು ತಿರುವಿದರು… ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ನಾನು ಆ ದಿನ ಸಿರುಗುಪ್ಪದಲ್ಲಿದ್ದೆ. ಸುದ್ದಿ ತಿಳಿದು ಬಸ್ಸು ಹತ್ತಿ ಬಂದಾಗ ಕಟಿಂಗ್ ಅಂಗಡಿಯವರು ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಬಂದವರನ್ನೆಲ್ಲ, “ನನಗೊಂದು ಮಾತು ಯಾಕ ಹೇಳಲಿಲ್ರಿ ಅಂವ?” ಎಂದು ಕೇಳುತ್ತಿದ್ದರು. ಎಕ್ಸ್‌ರೇಯ ವಿಷಯ ನಾನೇ ಹೇಳಿದೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅಣ್ಣನ ಮೇಲೆ ಬಂತು. ಆಮೇಲೆ ಅಂಗಡಿಯವರು ಯಾರ ಕುತ್ತಿಗೆಯನ್ನೂ ತಿರುವಲಿಲ್ಲ.

ಈಗ ನಾನು ನಿವೃತ್ತ ವೈದ್ಯ. ಆ ಗೆಳೆಯರಿಬ್ಬರೂ ಇಲ್ಲ. ಕಟಿಂಗ್ ಅಂಗಡಿಯವರು ಬದುಕಿದ್ದಷ್ಟು ಕಾಲ ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದರು: “ಅಂವಗ ಆಗ ನೋವಾಗಿತ್ತೇನ್ರಿ ಡಾಕ್ಟ್ರ?”

ಇಲ್ಲ ಎನ್ನುತ್ತಿದ್ದೆ. ಇಂದಿಗೂ ನನಗದು ಗೊತ್ತಿಲ್ಲ.