ಬಂದೇ ಇಲ್ಲವೆಂದ ಪತ್ರ

ಆ ಶಾಲೆಯ ಮಕ್ಕಳು ತಮ್ಮ ಗ್ರಂಥಪಾಲಕಿಗೆ ಇಟ್ಟಿದ್ದ ಹೆಸರು ಶ್ಶ್ ಟೀಚರ್. ಇಪ್ಪತ್ತಾರು ವರ್ಷಗಳಿಂದ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಹಿಂದೆ ಕುಳಿತು, ತುಟಿಯ ಮೇಲೆ ಬೆರಳಿಟ್ಟು ಆಕೆ ಎಷ್ಟು ಸಲ ಹಾಗೆಂದಿದ್ದಳೋ ಯಾರಿಗೆ ಗೊತ್ತು. ಈ ಹೆಸರು ಆಕೆಯ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ. ಯಾವ ಪುಸ್ತಕ ಯಾವ ಕಪಾಟಿನ ಎಷ್ಟನೇ ಅರೆಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳಿಗೆ ಅಷ್ಟು ಅಧಿಕಾರ ಇರಬೇಕಾದದ್ದೇ ಎಂಬುದು ಆಕೆಯ ನಂಬಿಕೆ.

ಹನ್ನೊಂದು ವರ್ಷಗಳ ಹಿಂದೆ ಒಬ್ಬ ಸಹಾಯಕಿ ಬಂದಳು. ಬಂದಾಗ ಪುಸ್ತಕದ ಬೆನ್ನಿಗೆ ಚೀಟಿ ನೆಟ್ಟಗೆ ಅಂಟಿಸಲೂ ಬರುತ್ತಿರಲಿಲ್ಲ. ಟೀಚರ್ ಕೈಹಿಡಿದು ಕಲಿಸಿದಳು. ಸಹಾಯಕಿ ಆಕೆಯನ್ನು "ಅಕ್ಕಾ" ಎಂದು ಕರೆಯತೊಡಗಿದಳು. ಮಧ್ಯಾಹ್ನ ಇಬ್ಬರೂ ಕಪಾಟುಗಳ ಹಿಂದಿನ ಸಣ್ಣ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದರು, ಒಬ್ಬಳ ಡಬ್ಬಿಗೆ ಇನ್ನೊಬ್ಬಳ ಕೈ ಹೋಗುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಕಲಿಸುವವರು ಯಾರು, ಕಲಿಯುವವರು ಯಾರು ಎಂಬುದು ನಿಧಾನವಾಗಿ ಅದಲುಬದಲಾಯಿತು. ಸಹಾಯಕಿ ಎಲ್ಲ ಪುಸ್ತಕಗಳ ಪಟ್ಟಿಯನ್ನೂ ಒಂದು ಬೇಸಿಗೆ ರಜೆಯಲ್ಲಿ ಕಂಪ್ಯೂಟರಿಗೆ ಏರಿಸಿದಳು. ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಮೆಟ್ಟಿಲ ಮೇಲೆ ಕುಳಿತು ಅರ್ಧ ಕಥೆ ಓದಿ ನಿಲ್ಲಿಸುವಳು, ಉಳಿದರ್ಧಕ್ಕಾಗಿ ಸೋಮವಾರ ಮಕ್ಕಳು ಆ ಪುಸ್ತಕಕ್ಕೆ ಮುಗಿಬೀಳುವರು. ಮಕ್ಕಳಿಗೆ ಅವಳು ಕಥೆ ಅಕ್ಕ. ಬಾಗಿಲಲ್ಲಿ ಇಣುಕಿ, "ಕಥೆ ಅಕ್ಕ ಇಲ್ವಾ?" ಎಂದು ಕೇಳಿ, ಟೀಚರ್ ಒಬ್ಬಳೇ ಇದ್ದರೆ ಹಾಗೇ ವಾಪಸು ಓಡುವ ಮಕ್ಕಳನ್ನು ಕಂಡು ಆಕೆ ನಗುತ್ತಿದ್ದಳು. ಆ ನಗೆ ತುಟಿಯಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಬುಧವಾರ ಆ ಪತ್ರ ಬಂತು. ತಂದುಕೊಟ್ಟವನು ಶಾಲೆಯ ಜವಾನ. ಗಂಟೆ ಬಾರಿಸುವವನೂ ಅವನೇ ಆದ್ದರಿಂದ ಎಲ್ಲರಿಗೂ ಗಂಟೆ ಮಾಮ. "ನಿಮ್ಮ ಲೈಬ್ರರಿಗೇ ಅಂತೆ, ಟೀಚರಮ್ಮ" ಎಂದು ಕೈಗಿಟ್ಟು ಹೋದ.

ಶಾಲಾ ಗ್ರಂಥಪಾಲಕರಿಗೆ ಮೂರು ವಾರಗಳ ತರಬೇತಿ. ಮುಗಿಸಿದವರಿಗೆ ಸುತ್ತಲಿನ ಹನ್ನೆರಡು ಶಾಲೆಗಳ ಗ್ರಂಥಾಲಯಗಳನ್ನು ಮುನ್ನಡೆಸುವ ಹೊಣೆ. ಪ್ರತಿ ಶಾಲೆಯಿಂದ ಒಂದು ಹೆಸರು ಕಳಿಸಬೇಕು, ವಯಸ್ಸು ನಲವತ್ತು ದಾಟಿರಬಾರದು. ಟೀಚರಿಗೆ ಐವತ್ಮೂರು. ಸಹಾಯಕಿಗೆ ನಲವತ್ತು ತುಂಬಲು ಎರಡು ತಿಂಗಳಿತ್ತು.

ಟೀಚರ್ ಪತ್ರವನ್ನು ಎರಡು ಸಲ ಓದಿದಳು. ಹನ್ನೆರಡು ಶಾಲೆಗಳಲ್ಲಿ ತಮ್ಮದೂ ಒಂದು. ಅಂದರೆ ನಾಳೆ ಇದೇ ಬಾಗಿಲಿನಿಂದ ಅವಳು ತಪಾಸಣೆಗೆ ಬರುತ್ತಾಳೆ, ತಾನು ಎದ್ದು ನಿಲ್ಲಬೇಕು. ಪತ್ರವನ್ನು ಮಡಿಸಿ, ಹಳೆಯ ಸುತ್ತೋಲೆಗಳ ಕಡತದ ತೀರಾ ಅಡಿಗೆ ಸೇರಿಸಿದಳು. ನಾಳೆ ಕೊಟ್ಟರಾಯಿತು ಎಂದುಕೊಂಡಳು. ಹಾಗೆಂದುಕೊಳ್ಳುತ್ತಲೇ ಹದಿನೈದು ದಿನ ಸರಿದು, ಕೊನೆಯ ದಿನಾಂಕವೂ ಕಳೆದುಹೋಯಿತು. ಆ ಹದಿನೈದು ದಿನವೂ ಊಟದ ಹೊತ್ತಿಗೆ ಸಹಾಯಕಿಯ ಡಬ್ಬಿಗೆ ಕೈಹಾಕಿದ್ದಳು.

ಮತ್ತೊಂದು ವಾರಕ್ಕೆ ಹೆಡ್‌ಮಾಸ್ಟರ್ ಕರೆಸಿದರು. "ಏನ್ರೀ, ಉಳಿದ ಶಾಲೆಗಳೆಲ್ಲ ಹೆಸರು ಕಳಿಸಿವೆಯಂತೆ. ನಮ್ಮದೊಂದೇ ಇಲ್ಲ ಅಂತ ಮೇಲಿನವರು ಫೋನ್ ಮಾಡಿದ್ರು. ನಿಮಗೆ ಪತ್ರ ಬಂದಿರಲಿಲ್ವಾ?"

"ಬಂದಿಲ್ಲ ಸಾರ್."

ಎರಡೇ ಮಾತು. ನಾಲಿಗೆ ಒಂಚೂರೂ ತಡವರಿಸಲಿಲ್ಲ. ತಡವರಿಸದಿದ್ದುದಕ್ಕೆ ಆಕೆಗೇ ಆಶ್ಚರ್ಯವಾಯಿತು.

ಮರುದಿನ ಗಂಟೆ ಮಾಮನಿಗೆ ನೋಟಿಸ್ ಕೊಟ್ಟರು. ಆಫೀಸಿನ ಕಾಗದ ಕಳೆದಿದ್ದಕ್ಕೆ ವಿವರಣೆ ಕೊಡಬೇಕು. ಅವನು ನಿವೃತ್ತಿಯಾಗಲು ಏಳು ತಿಂಗಳಿತ್ತು. ಮೂವತ್ತೈದು ವರ್ಷಗಳಲ್ಲಿ ಅವನ ಗಂಟೆ ಒಂದು ನಿಮಿಷ ಹಿಂದುಮುಂದಾಗಿದ್ದಿಲ್ಲ.

ಮಧ್ಯಾಹ್ನ ಅವನು ಗ್ರಂಥಾಲಯಕ್ಕೆ ಬಂದ. ಟೀಚರ್ ಪುಸ್ತಕದಿಂದ ತಲೆಯೆತ್ತಲಿಲ್ಲ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡಳು. ಅವನು ಜಗಳಕ್ಕೆ ಬಂದಿರಲಿಲ್ಲ.

"ಟೀಚರಮ್ಮ, ಒಂದು ಮಾತು. ನಿಮ್ಮ ಕೈಗೇ ಕೊಟ್ಟ ಹಾಗೆ ನನಗೆ ನೆನಪು. ನೀವು ನೀಲಿ ಸೀರೆ ಉಟ್ಟಿದ್ರಿ ಅನ್ನೋದೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ನೀವು ಬಂದಿಲ್ಲ ಅಂದ್ರಂತೆ. ನೀವು ಇಲ್ಲ ಅಂದ ಮೇಲೆ ಇಲ್ಲ. ನನಗೇ ಮರೆವು ಶುರುವಾಗಿದೆ ಅನ್ಸುತ್ತೆ. ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು."

"ಹಾಗೆಲ್ಲ ಏನೂ ಇರಲ್ಲ ಮಾಮ" ಎಂದಳು.

ಅಂದು ಸಂಜೆ ಗಂಡನ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಗಂಡ ಗಡಿಯಾರ ರಿಪೇರಿಯವನು, ಮಾತು ಕಡಿಮೆ. ಅವನು ಕೈಯಲ್ಲಿದ್ದ ಚಿಮುಟ ಕೆಳಗಿಟ್ಟು ಕೇಳಿದ. "ಹೊಟ್ಟೆಕಿಚ್ಚಾ?"

"ಹೂಂ."

"ನಿನಗಾ?" ಎಂದ ಅವನು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಒಂದು ಪದ ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆಯೇ ಕಡತದಿಂದ ಪತ್ರ ತೆಗೆದು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟಳು. ಅವರು ಪತ್ರ ನೋಡಿದರು, ಆಕೆಯನ್ನು ನೋಡಿದರು, ಎದ್ದು ಬಾಗಿಲು ಮುಂದೆ ಮಾಡಿದರು. "ಇಷ್ಟು ವರ್ಷ ಕೆಲಸ ಮಾಡಿ ಇದೇನ್ರೀ ಇದು! ಸರಿ, ಆಗಿದ್ದು ಆಯ್ತು. ಮಾಮನ ನೋಟಿಸ್ ವಾಪಸ್ ತಗೋತೀನಿ. ಪತ್ರ ಅಂಚೆಯಲ್ಲೇ ಕಳೆದಿದೆ ಅಂತ ಬರೀತೀನಿ. ನೀವು ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಶಾಲೆ ಮರ್ಯಾದೆ ಪ್ರಶ್ನೆ."

"ಸರಿ ಸಾರ್" ಎಂದಳು. ಹೊರಗೆ ಬಂದಾಗ ಹೊರೆ ಇಳಿಸಿದಷ್ಟು ಹಗುರವೆನಿಸಿತು. ಆ ಹಗುರ ಎರಡು ದಿನವೂ ಬಾಳಲಿಲ್ಲ. ಮೂರನೆಯ ದಿನ ವರಾಂಡದಲ್ಲಿ ಗಂಟೆ ಮಾಮ ಎದುರಾದ. ಅಂಗೈಯಲ್ಲಿ ಪೆನ್ನಿನಿಂದ ಏನೋ ಗೀಚಿಕೊಂಡಿದ್ದ.

"ಏನ್ ಮಾಮ ಅದು?"

"ಗಂಟೆ ಹೊಡೆಯೋ ಸಮಯ ಬರ್ಕೊಂಡಿದೀನಿ ಟೀಚರಮ್ಮ. ನಂಬೋಕಾಗಲ್ಲ, ಮರೆತುಬಿಟ್ರೆ?"

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಟೀಚರಿಗೆ. ಆಮೇಲೆ ಅವನ ತೋಳು ಹಿಡಿದು ಗ್ರಂಥಾಲಯದೊಳಗೆ ಕರೆತಂದಳು. ಸಹಾಯಕಿ ಕಂಪ್ಯೂಟರಿನ ಮುಂದಿದ್ದಳು. ಇಬ್ಬರ ಎದುರೂ ನಿಂತುಕೊಂಡೇ ಹೇಳಿದಳು. "ಮಾಮ, ನಿಮಗೆ ಮರೆವಿಲ್ಲ. ಪತ್ರ ನನ್ನ ಕೈಗೇ ಕೊಟ್ರಿ. ನೀಲಿ ಸೀರೇನೇ ಉಟ್ಟಿದ್ದೆ. ನಾನೇ ಬಚ್ಚಿಟ್ಟೆ." ಸಹಾಯಕಿಯ ಕಡೆ ತಿರುಗಿ, "ನೀನು ನನಗಿಂತ ಮೇಲೆ ಹೋಗ್ತೀಯ ಅಂತ ಬಚ್ಚಿಟ್ಟೆ" ಎಂದಳು.

ಗಂಟೆ ಮಾಮನ ಮುಖದಲ್ಲಿ ಮೊದಲು ಮೂಡಿದ್ದು ಸಿಟ್ಟಲ್ಲ, ನೆಮ್ಮದಿ. "ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ" ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. ಸಿಟ್ಟು ಆಮೇಲೆ ಬಂತು. ಬಾಗಿಲವರೆಗೆ ಹೋಗಿ ನಿಂತು, "ನನ್ನ ಹೆಂಡತಿ ಮೂರು ದಿನದಿಂದ ಅಳ್ತಿದಾಳೆ" ಎಂದು, ತಿರುಗಿ ನೋಡದೆ ಹೋದ.

ಸಹಾಯಕಿ ಎದ್ದು ಕಿಟಕಿಯ ಹತ್ತಿರ ಹೋದಳು. "ನನಗೆ ಕೆಲಸ ಕಲಿಸಿದ್ದು ನೀವೇ. ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಇಷ್ಟು ಉರೀತಿರ್ಲಿಲ್ಲ." ಡಬ್ಬಿ ಕೈಗೆತ್ತಿಕೊಂಡು, "ಊಟದ ಹೊತ್ತಾಯ್ತು. ನಾನು ಸ್ಟಾಫ್ ರೂಮಲ್ಲಿ ಊಟ ಮಾಡ್ತೀನಿ, ಮೇಡಂ" ಎಂದಳು.

ಹನ್ನೊಂದು ವರ್ಷದ ಅಕ್ಕ ಅಂದು ಮೇಡಂ ಆದಳು. ಮತ್ತೆಂದೂ ಅಕ್ಕ ಆಗಲಿಲ್ಲ.

ಟೀಚರ್ ಮರುದಿನ ರಜೆ ಹಾಕಿ ತರಬೇತಿಯ ಕಚೇರಿಗೆ ಹೋದಳು. ಹೆಡ್‌ಮಾಸ್ಟರಿಗೆ ಹೇಳಿಯೇ ಹೋದಳು, ಅವರು ಮುಖ ಗಂಟಿಕ್ಕಿದರೂ ತಡೆಯಲಿಲ್ಲ. ಬೆಂಚಿನ ಮೇಲೆ ಎರಡು ತಾಸು ಕಾದ ಮೇಲೆ ಒಳಗೆ ಕರೆದರು. ತಾನು ಮಾಡಿದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ತಂದಿದ್ದಳು. ಮಗಳ ವಯಸ್ಸಿನ ಅಧಿಕಾರಿಣಿ ಅದನ್ನು ಓದಿ, "ಇದನ್ನ ನಿಮ್ಮ ಸೇವಾ ದಾಖಲೆಗೆ ಕಳಿಸಬೇಕಾಗುತ್ತೆ, ಗೊತ್ತಿದೆಯಾ?" ಎಂದು ಕೇಳಿದಳು.

"ಕಳಿಸಿ. ಅವಳ ವಯಸ್ಸು ಮಾತ್ರ ಪತ್ರ ಬಂದ ದಿನಕ್ಕೆ ಲೆಕ್ಕ ಹಾಕ್ಕೊಳಿ. ಅಷ್ಟೇ ಕೇಳೋಕೆ ಬಂದೆ."

ಆ ಸಲದ ತರಬೇತಿಯ ತಂಡ ಆಗಲೇ ಹೊರಟುಹೋಗಿತ್ತು. ಮುಂದಿನ ತಂಡದಲ್ಲಿ, ಐದು ತಿಂಗಳ ನಂತರ, ಸಹಾಯಕಿಗೆ ಜಾಗ ಸಿಕ್ಕಿತು. ಟೀಚರ್ ದಾಖಲೆಗೆ ಎಚ್ಚರಿಕೆಯ ಪತ್ರವೊಂದು ಸೇರಿತು. ಗಂಟೆ ಮಾಮ ಒಂದು ಹೊಸ ಟಪಾಲು ಪುಸ್ತಕ ಮಾಡಿಕೊಂಡ. ನಿವೃತ್ತಿಯ ದಿನದವರೆಗೂ ಗ್ರಂಥಾಲಯಕ್ಕೆ ಬಂದ ಒಂದೊಂದು ಕಾಗದಕ್ಕೂ ಆ ಪುಸ್ತಕ ಮುಂದೆ ಹಿಡಿದು, "ಇಲ್ಲಿ ಸಹಿ" ಎನ್ನುವನು. ಬೇರೆ ಯಾರ ಹತ್ತಿರವೂ ಸಹಿ ಕೇಳುತ್ತಿರಲಿಲ್ಲ. ಆಕೆ ತಲೆಯೆತ್ತದೆ ಹಾಕಿಕೊಡುವಳು.

ತರಬೇತಿ ಮುಗಿಸಿ ಬಂದ ಸಹಾಯಕಿ ಹನ್ನೆರಡು ಶಾಲೆಗಳ ಹೊಣೆ ಹೊತ್ತಳು. ಮೊದಲ ಸಭೆ ಇದೇ ಶಾಲೆಯಲ್ಲಿ. ಟೀಚರ್ ಹೆದರಿದಂತೆಯೇ ಅವಳು ಬಾಗಿಲಲ್ಲಿ ಬಂದಳು, ಟೀಚರ್ ಎದ್ದು ನಿಂತಳು. ಎದ್ದು ನಿಲ್ಲುವುದು ಅಂದುಕೊಂಡಷ್ಟು ಕಷ್ಟವೇ ಆಗಲಿಲ್ಲ. ಇಷ್ಟಕ್ಕಾಗಿ ಅಷ್ಟೆಲ್ಲ ಮಾಡಿದೆನಲ್ಲ ಎಂದು ಆಕೆಗೆ ಇನ್ನಷ್ಟು ನಾಚಿಕೆಯಾಯಿತು. ಸಹಾಯಕಿ ಎಲ್ಲರಿಗೂ ಹೇಳಿದ ಮೊದಲ ಮಾತು, "ತರಬೇತಿ ಪತ್ರ ಯಾವುದೇ ಬರ್ಲಿ, ಅದೇ ದಿನ ನೋಟಿಸ್ ಬೋರ್ಡಿಗೆ ಹಾಕಿ" ಎಂದು. ಹೇಳುವಾಗ ಅವಳು ಟೀಚರ್ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಅವಳು ಪಟ್ಟ ಕಷ್ಟವನ್ನು ಟೀಚರ್ ನೋಡಿದಳು.

ಸಭೆ ಮುಗಿದ ಮೇಲೆ ಸಹಾಯಕಿ ಹತ್ತಿರ ಬಂದಳು. "ಹೊಸಬರಿಗೆ ಹರಿದ ಪುಸ್ತಕ ಕಟ್ಟೋಕೆ ಬರಲ್ಲ. ತಿಂಗಳಿಗೊಂದು ಶನಿವಾರ ನೀವು ಕಲಿಸಬೇಕು, ಮೇಡಂ."

"ನಾನಾ?"

"ನಿಮಗಿಂತ ಚೆನ್ನಾಗಿ ಇಲ್ಲಿ ಯಾರಿಗೆ ಬರುತ್ತೆ?" ಧ್ವನಿಯಲ್ಲಿ ಪ್ರೀತಿಯೂ ಇರಲಿಲ್ಲ, ಕೋಪವೂ ಇರಲಿಲ್ಲ. ಕೆಲಸದ ಮಾತು.

ಹೀಗೆ ಟೀಚರ್ ಶನಿವಾರಗಳಂದು ಹೊಸಬರಿಗೆ ಕಲಿಸತೊಡಗಿದಳು. ಎರಡನೆಯ ಶನಿವಾರವೋ ಮೂರನೆಯದೋ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಹೊಲಿಗೆ ಹಾಕುತ್ತಾ, "ಎಷ್ಟು ಒಳ್ಳೆಯವರು ನೀವು! ಗೊತ್ತಿರೋದನ್ನೆಲ್ಲ ಹೇಳ್ಕೊಡ್ತೀರಿ, ಏನೂ ಬಚ್ಚಿಡಲ್ಲ" ಎಂದಳು.

ಟೀಚರ್ ಕಿವಿಗಳು ಕೆಂಪಾದವು. ಬೆರಳಿಗೆಲ್ಲ ಅಂಟು ಮೆತ್ತಿತ್ತು, ಮುಖ ಮುಚ್ಚಿಕೊಳ್ಳುವ ಹಾಗೂ ಇರಲಿಲ್ಲ.

"ಬಚ್ಚಿಟ್ಟಿದ್ದೀನಮ್ಮ" ಎಂದಳು. ಏನನ್ನು, ಯಾರಿಂದ, ಯಾಕೆ ಎಂಬುದನ್ನು ಕಲಿಯಲು ಬಂದಿದ್ದ ಹತ್ತು ಜನರ ಮುಂದೆಯೂ ಹೇಳಿದಳು. ಹುಡುಗಿ ಸೂಜಿ ಹಿಡಿದುಕೊಂಡೇ ಕುಳಿತಿದ್ದಳು.

"ದಾರ ಸಡಿಲ ಬಿಡ್ಬೇಡ" ಎಂದಳು ಟೀಚರ್. "ಇನ್ನೊಂಚೂರು ಎಳಿ."