ಬಿಚ್ಚಲೆಂದೇ ಹಾಕುವ ಹೊಲಿಗೆ

ಬೆಳಗಿನ ನಮಾಜು ಮುಗಿಸಿ ನೂರುನ್ನೀಸಾ ಹೊಲಿಗೆ ಯಂತ್ರದ ಮುಂದೆ ಕೂರುವಾಗ ಶಿವಾಜಿನಗರದ ಆ ಓಣಿಯಲ್ಲಿ ಒಂದು ಶಟರೂ ಎದ್ದಿರುವುದಿಲ್ಲ. ಬಸ್ ನಿಲ್ದಾಣದ ಕಡೆಯಿಂದ ಮೊದಲ ಬಸ್ಸುಗಳು ಹೊರಡುವ ಸದ್ದು ಮಾತ್ರ ಕೇಳುತ್ತದೆ. ಅವರು ದೀಪ ಹಾಕುತ್ತಾರೆ. ಯಂತ್ರಕ್ಕೆ ಎರಡು ಹನಿ ಎಣ್ಣೆ ಬಿಡುತ್ತಾರೆ. ಆಮೇಲೆ ಕಾಲ ಬಳಿಯ ಬಿಸ್ಕತ್ತಿನ ಡಬ್ಬಿಯಿಂದ ಬಿಳಿ ದಾರ ತೆಗೆದು ಎರಡು ಚೂರು ರೆಕ್ಸಿನ್ನನ್ನು ಗೇಣುದ್ದ ಹೊಲಿಯುತ್ತಾರೆ. ಹೊಲಿದದ್ದನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆಲೇ ಜಗ್ಗುತ್ತಾರೆ. ಟರ್ರನೆ ಬಿಚ್ಚಿಕೊಳ್ಳುತ್ತದೆ. ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಚೂರುಗಳನ್ನು ಬುಟ್ಟಿಗೆ ಹಾಕುತ್ತಾರೆ. ದಿನದ ಕೆಲಸ ಶುರುವಾಗುವುದು ಆಮೇಲೆ.

ಐವತ್ತೊಂದು ವರ್ಷದ ನೂರುನ್ನೀಸಾ ಕಾರಿನ ಸೀಟಿಗೆ ಕವರ್ ಹೊಲಿಯುತ್ತಾರೆ. ಗಂಡ ಶಫಿ ಅಳತೆ ತೆಗೆದು ಕತ್ತರಿಸಿಕೊಡುತ್ತಾರೆ, ಕೊನೆಗೆ ಕಾರಿಗೆ ತೊಡಿಸುತ್ತಾರೆ. ನಡುವಿನದೆಲ್ಲ ಇವರದು. ಅಂಗಡಿಯ ಬೋರ್ಡಿನಲ್ಲಿರುವುದು ಶಫಿಯವರ ಹೆಸರು. ಪರದೆಯ ಹಿಂದೆ ಯಂತ್ರ ಓಡಿಸುವವರು ಯಾರೆಂದು ಹೆಚ್ಚಿನ ಗಿರಾಕಿಗಳಿಗೆ ಗೊತ್ತಿಲ್ಲ. ಮದುವೆಯಾದ ವರ್ಷದಿಂದ, ಅಂದರೆ ಇಪ್ಪತ್ತೊಂಬತ್ತು ವರ್ಷದಿಂದ, ಇದೇ ಕೆಲಸ. ಒಂದು ಕಾರಿಗೆ ಸಣ್ಣವು ದೊಡ್ಡವು ಸೇರಿ ನಲವತ್ತರ ಹತ್ತಿರ ತುಂಡುಗಳು, ಏಳೆಂಟು ಗಂಟೆಯ ಹೊಲಿಗೆ. ವಾರಕ್ಕೆ ನಾಲ್ಕು ಕಾರು. ಸಂಜೆಯ ಹೊತ್ತಿಗೆ ಬಲಗೈ ಹೆಬ್ಬೆರಳು ಮಡಚಲು ಬರುವುದಿಲ್ಲ.

ಬಂದವರು ಮೊದಲು ಕೇಳುವುದು ಬಣ್ಣವನ್ನು. ನೂರುನ್ನೀಸಾ ಪರದೆಯ ಹಿಂದಿನಿಂದಲೇ ಬೇರೆಯದನ್ನು ಕೇಳುತ್ತಾರೆ. “ಗಾಡಿ ಬಿಸಿಲಲ್ಲಿ ನಿಲ್ಲುತ್ತಾ, ನೆರಳಲ್ಲಾ? ದಿನಾ ಎಷ್ಟೊತ್ತು ಕೂತಿರ್ತೀರಾ? ಮನೇಲಿ ಚಿಕ್ಕ ಮಕ್ಳಿದ್ದಾರಾ?” ಬಿಸಿಲಲ್ಲಿ ನಿಲ್ಲುವ ಕಾರಿಗೆ ಕಪ್ಪು ರೆಕ್ಸಿನ್ ಬೇಡವೆನ್ನುತ್ತಾರೆ. ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕೂರುವವರಿಗೆ ಬೆನ್ನು ತಾಗುವಲ್ಲಿ ಗಾಳಿಯಾಡುವ ಬಟ್ಟೆ ಹಾಕುತ್ತಾರೆ. ಹತ್ತಿ ಇಳಿಯುವಾಗ ತೊಡೆ ಉಜ್ಜುವ ಅಂಚಿಗಷ್ಟೇ ದಪ್ಪ ರೆಕ್ಸಿನ್.

“ಎಲ್ಲಾ ಗಾಡಿಗೂ ಆಗುತ್ತೆ ಅಂತ ಮಾರ್ತಾರಲ್ಲ, ಅದು ಯಾವ ಗಾಡಿಗೂ ಸರಿಯಾಗಿ ಕೂರಲ್ಲ. ಸುಕ್ಕು ಎಲ್ಲಿ ಬೀಳುತ್ತೋ ಅಲ್ಲೇ ಮೊದ್ಲು ಹರಿಯೋದು. ತಪ್ಪು ಬಟ್ಟೇದಲ್ಲ, ಅಳತೇದು,” ಎನ್ನುತ್ತಾರೆ.

ಇಷ್ಟು ಗಟ್ಟಿ ಹೊಲಿಗೆಯವರ ಬಳಿ ಬಿಚ್ಚಿಕೊಳ್ಳುವ ದಾರ ಯಾಕಿದೆ ಎಂಬುದಕ್ಕೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

ಒಬ್ಬನೇ ಮಗ ಸೈಫ್ ಕೆ.ಆರ್. ಪುರದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದ. ಓಡಾಟಕ್ಕೆಂದು ಹಳೆಯ ಕಾರೊಂದನ್ನು ಕೊಂಡ. ಅದಕ್ಕೆ ತಾಯಿ ಮೂರು ದಿನ ಕೂತು ಕವರ್ ಹೊಲಿದರು. ಎಲ್ಲ ಅಂಚಿಗೂ ಎರಡೆರಡು ಸಲ ಹೊಲಿಗೆ ಓಡಿಸಿದರು. ಮುಂದಿನ ಸೀಟಿನ ಪಕ್ಕೆಯಲ್ಲಿ ಸಣ್ಣದೊಂದು ಬಟ್ಟೆಯ ಚೀಟಿ ಹೊರಗೆ ಇಣುಕುತ್ತಿತ್ತು. ಕೆಲಸ ಬಲ್ಲವರು ಅಂಥದ್ದನ್ನು ಕಾಣಗೊಡುವುದಿಲ್ಲ. ಅದನ್ನೂ ಒಳಗೆ ಮಡಿಚಿ, ಮೇಲೆ ಬಿಗಿಯಾಗಿ ಹೊಲಿದುಬಿಟ್ಟರು.

“ಅಮ್ಮೀ, ಕಾರಿಗಿಂತ ನಿನ್ ಕವರೇ ಜಾಸ್ತಿ ದಿನ ಬಾಳುತ್ತೆ ನೋಡು,” ಎಂದು ಸೈಫ್ ನಕ್ಕಿದ್ದ.

ಆ ಚೀಟಿ ಕಾರಿನ ಕಂಪನಿ ಇಟ್ಟ ಗುರುತು. ಪಕ್ಕದಿಂದ ಯಾವುದಾದರೂ ಗಾಡಿ ಗುದ್ದಿದರೆ ಏರ್‌ಬ್ಯಾಗ್ ಎಂಬ ಗಾಳಿಚೀಲ ಉಬ್ಬಿ ಹೊರಬರುವುದು ಅಲ್ಲಿಂದಲೇ. ಅಲ್ಲಿ ದಾರಿ ಕಟ್ಟಬಾರದು. ಅದು ಆಗ ಶಫಿಯವರಿಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ.

ಏಳು ತಿಂಗಳಿಗೆ ಮಹದೇವಪುರದ ಬಳಿ, ಕೆಲಸ ಮುಗಿಸಿ ಬರುತ್ತಿದ್ದ ಸೈಫನ ಕಾರಿಗೆ ಬಲಗಡೆಯಿಂದ ಲಾರಿ ಗುದ್ದಿತು. ಅವನು ಉಳಿಯಲಿಲ್ಲ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಕಾರಿನಲ್ಲಿ ಉಳಿದಿದ್ದ ಅವನ ಟಿಫಿನ್ ಡಬ್ಬಿ, ಚಪ್ಪಲಿ ತರಲು ಗಂಡ ಹೆಂಡತಿ ಗ್ಯಾರೇಜಿಗೆ ಹೋದರು. ಬಾಗಿಲು ಸೀಟಿನವರೆಗೆ ಒಳಗೆ ಬಂದಿತ್ತು. ಕವರಿನ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಅಲ್ಲಿನ ಮೆಕ್ಯಾನಿಕ್‌ಗೆ ಇವರ ಕಸುಬು ಗೊತ್ತಿರಲಿಲ್ಲ. “ಯಾರ್ರೀ ಈ ಕವರ್ ಹೊಲ್ದಿದ್ದು? ಏರ್‌ಬ್ಯಾಗ್ ಈಚೆ ಬರೋಕೆ ಜಾಗನೇ ಬಿಟ್ಟಿಲ್ವಲ್ಲ,” ಎಂದು ಕೇಳಿದ. ಶಫಿ ಡಬ್ಬಿ, ಚಪ್ಪಲಿ ಎತ್ತಿಕೊಂಡರು.

ಚೀಲ ಹೊರಬಂದಿದ್ದರೆ ಸೈಫ್ ಉಳಿಯುತ್ತಿದ್ದನೇ? ಡಾಕ್ಟರನ್ನು ಕೇಳಿದರು. ಹೇಳಲು ಬರುವುದಿಲ್ಲ ಎಂದರು. ಶಫಿ ಆ ವಿಷಯವನ್ನು ಮೊನ್ನೆಯವರೆಗೆ ಎತ್ತಿರಲಿಲ್ಲ. “ನನಗೆ ಒಂದು ಮಾತೂ ಅಂದಿಲ್ಲ ಅವ್ರು,” ಎನ್ನುತ್ತಾರೆ ನೂರುನ್ನೀಸಾ. “ಅಂದಿದ್ರೆ ಚೆನ್ನಾಗಿರ್ತಿತ್ತು.”

ಎರಡು ತಿಂಗಳು ಯಂತ್ರ ಮುಟ್ಟಲಿಲ್ಲ. ಮತ್ತೆ ಕೂತಾಗ ಅವರಿವರನ್ನು ವಿಚಾರಿಸಿ, ಸೀಟು ತಯಾರಿಸುವ ಕಾರ್ಖಾನೆಗಳಲ್ಲಿ ಆ ಒಂದು ಜಾಗಕ್ಕೆಂದೇ ಬಳಸುವ ದಾರವನ್ನು ತರಿಸಿಕೊಂಡರು. ದಿನದ ಎಳೆತ ತಡೆಯುವಷ್ಟು ಗಟ್ಟಿ, ಒಳಗಿನಿಂದ ಚೀಲ ಗುದ್ದಿದರೆ ಬಿಟ್ಟುಕೊಳ್ಳುವಷ್ಟು ಮೆದು. ಎಲ್ಲಿಂದ ಎಲ್ಲಿಯವರೆಗೆ ಅದನ್ನು ಹಾಕಬೇಕೆಂದು ಆ ಕಾರ್ಖಾನೆಯವರಿಂದಲೇ ಕಲಿತರು. ಕಾಲ ಬಳಿಯ ಡಬ್ಬಿಯಲ್ಲಿರುವುದು ಅದೇ.

ಆ ದಾರದಿಂದ ಗಿರಾಕಿಗಳು ಕೈತಪ್ಪುತ್ತಾರೆ. ಮೊನ್ನೆ ಗುರುವಾರವೂ ಒಬ್ಬರು ತಪ್ಪಿಹೋಗುವುದರಲ್ಲಿದ್ದರು.

ಇಂದಿರಾನಗರದ ಕೃಷ್ಣಸ್ವಾಮಿ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು. ಮಗಳು ವಿಭಾ ದಿನಾ ಮಹದೇವಪುರಕ್ಕೆ ಓಡಿಸುವ ಕಾರಿಗೆ ಕವರ್ ಹಾಕಿಸಲು ಬಂದಿದ್ದರು. ಶಫಿ ತೊಡಿಸಿ ಮುಗಿಸುವ ಹೊತ್ತಿಗೆ ಸೀಟಿನ ಪಕ್ಕೆಯ ಹೊಲಿಗೆಯ ಮೇಲೆ ಬೆರಳಾಡಿಸಿದರು.

“ಏನ್ ಶಫಿ ಸಾಬ್ರೇ, ಇಲ್ಲಿ ದಾರ ಉಳಿಸಿದ್ದೀರಲ್ಲ! ಮೂವತ್ತು ವರ್ಷ ಇನ್‌ಸ್ಪೆಕ್ಷನ್ನಲ್ಲಿದ್ದೋನು ಕಣ್ರೀ ನಾನು. ನನ್ ಹತ್ರ ನಡಿಯುತ್ತಾ?”

“ಸಾರ್, ನಿಮ್ ಕೈಲಿ ಪಾಸಾದ್ರೆ ನನಗೊಂದು ಸರ್ಟಿಫಿಕೇಟ್ ಕೊಟ್ಬಿಡಿ, ಗೋಡೆಗೆ ಹಾಕ್ತೀನಿ,” ಎಂದು ಶಫಿ ನಗಿಸಿ ದಾಟಿಸಲು ನೋಡಿದರು.

“ತಮಾಷೆ ಬೇಡ. ಇನ್ನೊಂದ್ಸಲ ಹೊಲಿಗೆ ಓಡಿಸಿ.”

ಪರದೆ ಸರಿಸಿ ನೂರುನ್ನೀಸಾ ಹೊರಗೆ ಬಂದರು. “ಓಡ್ಸಲ್ಲ ಸಾರ್. ಅದು ಬಿಚ್ಚಲಿ ಅಂತಾನೇ ಹಾಕಿರೋದು. ಏರ್‌ಬ್ಯಾಗ್ ಇದೆ ಅಲ್ಲಿ.”

“ಅದೆಲ್ಲ ಕಂಪನಿಯೋರು ಹೇಳೋ ಕಥೆ ಕಣಮ್ಮ. ನೀವ್ ಮಾಡ್ದಿದ್ರೆ ಪಕ್ಕದಂಗಡೀಲಿ ಮಾಡಿಸ್ತೀನಿ, ಅರ್ಧ ಗಂಟೆ ಕೆಲ್ಸ.”

ಅದು ನಿಜ. ಅದೇ ಓಣಿಯಲ್ಲಿ ಇನ್ನೂ ಮೂರು ಅಂಗಡಿಗಳಿವೆ. ಎಷ್ಟೋ ಜನ ಹಾಗೆ ಹೋಗಿದ್ದಾರೆ. ಆಗೆಲ್ಲ ನೂರುನ್ನೀಸಾ ಒಳಗೆ ಹೋಗಿಬಿಡುತ್ತಿದ್ದರು. ಅಂದು ಹೋಗಲಿಲ್ಲ. ಕೃಷ್ಣಸ್ವಾಮಿ ಮೊದಲೇ ಹೇಳಿದ್ದ ಮಹದೇವಪುರ ಎಂಬ ಹೆಸರು ಕಿವಿಗೆ ಬಿದ್ದಿತ್ತು.

“ನನ್ ಮಗನ ಗಾಡಿಗೆ ನಾನು ಡಬಲ್ ಹಾಕಿದ್ದೆ ಸಾರ್,” ಎಂದರು. “ಹೊಲಿಗೆ ಬಿಡ್ಲಿಲ್ಲ. ಬ್ಯಾಗು ಬರ್ಲಿಲ್ಲ. ಮಗ ಹೋಗ್ಬಿಟ್ಟ.”

ಇಷ್ಟೇ. ಹೊರಗಿನವರ ಮುಂದೆ ಅವರು ಇದನ್ನು ಹೇಳಿದ್ದು ಅದೇ ಮೊದಲು. ಗಂಡನ ಮುಂದೆಯೂ.

ಕೃಷ್ಣಸ್ವಾಮಿ ಹೊಲಿಗೆಯ ಮೇಲಿಂದ ಬೆರಳು ತೆಗೆದರು. “ಆ ಕಡೆ ಸೀಟೂ ಹಿಂಗೇ ಇದೆಯಾ, ತೋರ್ಸಿ,” ಎಂದರು. ಸುತ್ತಿ ಬಂದು ಅದನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಮಗಳಿಗೆ ಅಲ್ಲಿಂದಲೇ ಫೋನ್ ಮಾಡಿದರು. “ವಿಭಾ, ಸೀಟಿನ ಪಕ್ಕದಲ್ಲಿ ಬಿಳಿ ಹೊಲಿಗೆ ಇರುತ್ತೆ. ಅಲ್ಲಿ ಯಾರಿಗೂ ಸೂಜಿ ಹಾಕೋಕೆ ಬಿಡ್ಬೇಡ. ಮನೇಗ್ ಬಂದು ಹೇಳ್ತೀನಿ.”

ಶಫಿ ಮೊಣಕಾಲೂರಿ ಕೂತು, ಸೀಟಿನ ಪಕ್ಕೆಯಲ್ಲಿ ಮಡಿಚಿಕೊಂಡಿದ್ದ ಸಣ್ಣ ಚೀಟಿಯನ್ನು ಉಗುರಿನಿಂದ ಹೊರಗೆಳೆದರು. ಎಲ್ಲರಿಗೂ ಕಾಣುವಂತೆ ಹೆಬ್ಬೆರಳಿನಿಂದ ನೀವಿ ನೀವಿ ಚಪ್ಪಟೆ ಮಾಡಿದರು. ಆಮೇಲೆ ಹೆಂಡತಿಯ ಕಡೆ ನೋಡಿ, “ಸೈಫನ ಕವರ್ ಕತ್ತರಿಸಿ ಕೊಟ್ಟಿದ್ದು ನಾನಲ್ವಾ,” ಎಂದರು.

ನೂರುನ್ನೀಸಾ ಪರದೆಯ ಹಿಂದೆ ಹೋಗಿ ಕೂತರು. ಯಂತ್ರ ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯಿತು.

ಆ ದಾರ ತರಿಸಿದಾಗಿನಿಂದ ಆರುನೂರಕ್ಕೂ ಹೆಚ್ಚು ಕಾರುಗಳಿಗೆ ಅವರು ಬಿಳಿ ಹೊಲಿಗೆ ಹಾಕಿದ್ದಾರೆ. ಈ ಊರಿನ ಯಾವ ಯಾವ ರಸ್ತೆಯಲ್ಲಿ ಅವು ಓಡುತ್ತಿವೆಯೋ ಅವರಿಗೆ ತಿಳಿಯದು. ಇನ್ನೇನು ಆಸೆ ಎಂದು ಕೇಳಿದರೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಾರೆ:

“ಗಾಡಿಗಳೆಲ್ಲ ಹಳೇದಾಗಿ ಒಂದಿನ ಗುಜರಿಗೆ ಹೋಗ್ತವಲ್ಲ, ಅವತ್ತು ಯಾರಾದ್ರೂ ನೋಡಿದ್ರೆ ನನ್ ಬಿಳಿ ಹೊಲಿಗೆ ಹಾಗ್ಹಾಗೇ ಇರ್ಬೇಕು. ಒಂದೂ ಬಿಚ್ಚಿರಬಾರ್ದು.”