ಬಸ್ ಸ್ಟ್ಯಾಂಡಿನಲ್ಲಿ ಶವಾಸನ

ನನ್ನ ಸೈಕಲನ್ನು ಬಿಸಿಲಿಗೆ ನಿಲ್ಲಿಸಿ ಮರೆತರೆ ಕ್ಯಾರಿಯರಿನಿಂದ ಒಂದು ವಾಸನೆ ಬರುತ್ತದೆ. ಹಳೆಯ ಟ್ಯೂಬಿನ ರಬ್ಬರು, ಅದಕ್ಕೆ ಹಿಡಿದ ತೆಂಗಿನೆಣ್ಣೆ, ಎಣ್ಣೆಯಲ್ಲಿ ಕರಗಿಸಿದ ಕರ್ಪೂರ. ಚಾಪೆ ಕಟ್ಟಲೆಂದು ಆ ಟ್ಯೂಬಿನ ತುಂಡನ್ನು ಕತ್ತರಿಸಿ ಕೊಟ್ಟವರು ಪಕ್ಕದ ಮನೆಯ ಬಾಯಮ್ಮ. ಮೀನಖಂಡಕ್ಕೆ ಎಣ್ಣೆ ತಿಕ್ಕಿದ ಕೈಯಲ್ಲೇ ಗಂಟು ಹಾಕುತ್ತಿದ್ದರು. ಅದನ್ನು ಬಿಸಾಡಿ ಹೊಸ ಹಗ್ಗ ಕಟ್ಟು ಎಂದು ನಮ್ಮ ಮನೆಯಲ್ಲಿ ಹೇಳುತ್ತಲೇ ಇದ್ದಾರೆ. ನಾನು ಬಿಸಾಡುವುದಿಲ್ಲ.

ಬನ್ನಂಜೆಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಗಿಡ್ಡ ಗೋಡೆ. ಬಾಯಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು, ಗಂಡ ದುಬೈಯಲ್ಲಿ. ಮೆಷಿನ್ನಿನ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡಿದಾಗ ಯೋಗಕ್ಕೆ ಸೇರಿದರು. ಸೊಂಟ ಸರಿಯಾಯಿತು, ಮೆಟ್ಟಿಲು ಹತ್ತಿದರೆ ಬರುವ ಏದುಸಿರು ಹಾಗೆಯೇ ಉಳಿಯಿತು. ಅದಕ್ಕೆ ಸೈಕಲ್ ಕೊಂಡರು. ತುಳಿದು ತುಳಿದು ತೊಡೆ ಬಿಗಿದಾಗ ಮತ್ತೆ ಚಾಪೆ ಹಾಸಿದರು. ಇಷ್ಟೇ ವಿಷಯ. ಇದರಿಂದ ಊರಿಗೆ ಏನು ತೊಂದರೆಯಾಯಿತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ತೊಂದರೆ ಮಾತ್ರ ಎಲ್ಲರಿಗೂ ಆಗಿತ್ತು. ಬೆವರು ಸುರಿಸಿಕೊಂಡು ಬಂದು ಆಸನ ಹಾಕಬಾರದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರು ಯೋಗ ತರಗತಿಯ ಗುರುಗಳು. ಮಣಿಪಾಲ ಕಡೆಯ ಸೈಕಲ್ ಹುಡುಗರು, ನಡುದಾರಿಯಲ್ಲಿ ಚಾಪೆ ಬಿಚ್ಚುವ ಆಂಟಿಯನ್ನು ಕಂಡು ಮುಸಿಮುಸಿ ನಕ್ಕರು. ಅವರ ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ಯಾರೋ, ಯೋಗವೆಲ್ಲ ನಮ್ಮ ಕ್ರೈಸ್ತರಿಗೆ ಯಾಕೆ ಎಂದರಂತೆ. "ದೇವರು ಕೊಟ್ಟ ಸೊಂಟ ಬಗ್ಗಿಸ್ಲಿಕ್ಕೆ ಯಾರ ಪರ್ಮಿಶನ್ ಬೇಕು?" ಎಂದು ಕೇಳಿ ಬಂದಿದ್ದರು ಬಾಯಮ್ಮ. ತರಗತಿಯನ್ನು ಬಿಟ್ಟರು, ಯೋಗವನ್ನು ಬಿಡಲಿಲ್ಲ.

ನಾನಾಗ ಮಂಡಿನೋವೆಂದು ಪಾಠವನ್ನೂ ಕೂತೇ ಮಾಡುವ ಟೀಚರು. "ಟೀಚರೇ, ಹೀಗೇ ಕೂತ್ರೆ ನೀವು ಕುರ್ಚಿಗೇ ಅಂಟಿಕೊಳ್ತೀರಿ" ಎಂದು ಬಾಯಮ್ಮ ನನ್ನನ್ನೂ ಎಬ್ಬಿಸಿದರು. ನನಗೂ ಒಂದು ಸೈಕಲ್ ಕೊಳ್ಳಿಸಿ, ಮೊದಲು ಕಾಪು ಕಡಲತೀರದವರೆಗೆ ತುಳಿಸಿದರು. ಅಲ್ಲಿ ಮರಳಿನ ಮೇಲೆ ವೃಕ್ಷಾಸನ; ನಿಂತ ಕಾಲು ಹೂತುಹೋಗಿ ನಾನು ಬೀಳುವುದು, ಅವರು ನಗುವುದು… ನಿಧಾನವಾಗಿ ಮಂಡಿ ನನ್ನ ಮಾತು ಕೇಳತೊಡಗಿತು. ಆಮೇಲೆ ಶನಿವಾರ ಸಂಜೆಯೇ ಇಗರ್ಜಿಯ ಪೂಜೆ ಮುಗಿಸಿ ಬಂದು, ಭಾನುವಾರ ಬೆಳಗ್ಗೆ ಕಾರ್ಕಳಕ್ಕೇ ಹೊರಡಿಸಿದರು. ಶಿರ್ವ, ಬೆಳ್ಮಣ್ಣು ದಾಟಿ, ನಿಟ್ಟೆಗಿಂತ ಮೊದಲು ಒಂದು ಸಣ್ಣ ಬಸ್ ಸ್ಟ್ಯಾಂಡ್ ಇದೆ. ಅದು ನಮ್ಮ ತಂಗುದಾಣ. ಸಿಮೆಂಟಿನ ನೆಲದ ಮೇಲೆ ಚಾಪೆ ಹಾಸಿ, ಕಾಲು ಸೊಂಟ ಸಡಿಲಿಸಿ, ಕೊನೆಗೆ ಶವಾಸನ.

ಒಂದು ಭಾನುವಾರ ನಾನು ಎಳನೀರು ತರಲು ಹೋಗಿ ಬರುವಷ್ಟರಲ್ಲಿ ಅಲ್ಲಿ ಜನ ಸೇರಿದ್ದರು. ರಿಕ್ಷಾದವರೊಬ್ಬರು ಬಾಯಮ್ಮನ ಮುಖಕ್ಕೆ ಸೋಡಾ ಚಿಮುಕಿಸುತ್ತಿದ್ದರು. ಒಬ್ಬಾಕೆ ಅಳಲು ಶುರುಮಾಡಿಯಾಗಿತ್ತು. ಬಾಯಮ್ಮ ಒಂದೇ ಒಂದು ಕಣ್ಣು ತೆರೆದರು.

"ಸತ್ತಿಲ್ಲ ಮಾರಾಯ್ರೆ. ಇನ್ನೂ ಕಾರ್ಕಳಕ್ಕೆ ಹೋಗ್ಲಿಕ್ಕುಂಟು."

ನಾವು ನಕ್ಕು ನಕ್ಕು ಕಾರ್ಕಳ ಮುಟ್ಟಿದೆವು. ಆದರೆ ಯಾರೋ ತೆಗೆದ ಫೋಟೋ ನಮಗಿಂತ ಮೊದಲೇ ದುಬೈ ಮುಟ್ಟಿತ್ತು. ದಾರಿಯಲ್ಲಿ ಬಿದ್ದ ಹೆಂಗಸು ಎಂದು ವಾಟ್ಸ್ಯಾಪಿನಲ್ಲಿ ಓಡಾಡಿ ಗಂಡನ ಕೈಸೇರಿತ್ತು. ಮಾನ ಹೋಯಿತು, ಸೈಕಲ್ ಮಾರು ಎಂದು ಅವರು ಫೋನಿನಲ್ಲಿ ಕೂಗಿದ್ದು ಗೋಡೆಯ ಈಚೆಗೂ ಕೇಳಿಸಿತು. ಮರುವಾರ, ಸೋಮವಾರ, ಮೈದುನ ಬಂದು ಸೈಕಲ್ ಒಯ್ಯುವುದೆಂದು ತೀರ್ಮಾನವಾಯಿತು.

ಅಂದು ಸಂಜೆ ಬಾಯಮ್ಮ ಗಿಡ್ಡ ಗೋಡೆಯ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ. "ಸೈಕಲ್ ಹೋದ್ರೆ ನಾನು ಪುನಃ ಆ ಕೋಣೆಗೇ ಟೀಚರೇ… ಆ ಮೆಷಿನ್ನು, ಆ ಕಿಟಕಿ. ಅಷ್ಟೇ."

ನಾನು ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಮೂಗೊರೆಸಿಕೊಂಡು ಎದ್ದರು. ಭಾನುವಾರ ಎಂದಿನಂತೆ ಹೊರಟೆವು. ಅದೇ ಬಸ್ ಸ್ಟ್ಯಾಂಡಿನಲ್ಲಿ ಅದೇ ಜಾಗದಲ್ಲಿ ಮಲಗಿ, ಒಂದು ಕಣ್ಣು ತೆರೆದು, "ಈಗ ತೆಗೀರಿ ಫೋಟೋ" ಎಂದರು. ಅದನ್ನು ಗಂಡನಿಗೆ, ಮೈದುನನಿಗೆ, ನೆಂಟರ ಗ್ರೂಪಿಗೆ, ಯೋಗದ ಗುರುಗಳಿಗೆ ಕೂಡ ಕಳಿಸಿದರು. ಕೆಳಗೆ ಬರೆದದ್ದು ಇಷ್ಟೇ: ಮಲಗಿದ್ದೇನೆ, ಬಿದ್ದಿಲ್ಲ. ಸೈಕಲ್ ಮಾರುವುದಿಲ್ಲ.

ಸೋಮವಾರ ಮೈದುನ ಬಂದದ್ದು ಹೌದು. ಚಹಾ ಕುಡಿದು, ಬೀಗ ಹಾಕಿದ ಸೈಕಲನ್ನು ಎರಡು ಸುತ್ತು ನೋಡಿ, ಬರಿಗೈಯಲ್ಲಿ ಹೋದರು. ಗಂಡ ಕೆಲವು ವಾರ ಫೋನ್ ಮಾಡಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಸೈಕಲಿನ ಮಾತೆತ್ತಲಿಲ್ಲ. ಬಾಯಮ್ಮ ಆಗಲೂ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಆಮೇಲೆ ಹೊಟ್ಟೆಯಲ್ಲಿ ಗಂಟು. ಮಣಿಪಾಲದ ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ… ಹಾಸಿಗೆಯಲ್ಲಿ ಕೂತೇ ಉಸಿರಾಟದ ಅಭ್ಯಾಸ ಮಾಡುತ್ತಿದ್ದರು. ಮುಂದಿನ ಮಳೆಗಾಲ ಕಾಣಲಿಲ್ಲ. ಇಗರ್ಜಿಯಲ್ಲಿ ಪೆಟ್ಟಿಗೆಯೊಳಗೆ ನೆಟ್ಟಗೆ ಮಲಗಿದ್ದರು. ಎಲ್ಲರೂ ಶಿಲುಬೆಯ ಗುರುತು ಮಾಡಿ ಮುಂದೆ ಹೋಗುತ್ತಿದ್ದರೆ ನಾನು ಮಾತ್ರ ಅವರ ಕಣ್ಣನ್ನೇ ನೋಡುತ್ತ ನಿಂತಿದ್ದೆ. ಒಂದು ತೆರೆದರೂ ಸಾಕಿತ್ತು.

ಹೊರಗೆ ಬಂದಾಗ ಯಾರೋ ಮೆಲ್ಲಗೆ, "ಅಷ್ಟೆಲ್ಲ ಯೋಗ ಮಾಡಿ, ಸೈಕಲ್ ತುಳಿದು ಎಂತ ಪ್ರಯೋಜನ ಆಯ್ತು?" ಎಂದರು. ನನಗೆ ಮೈಯೆಲ್ಲ ಉರಿಯಿತು. ಬಾಯಮ್ಮ ಸಾವನ್ನು ತಪ್ಪಿಸಿಕೊಳ್ಳಲು ಸೈಕಲ್ ತುಳಿದವರಲ್ಲ. ಆ ಕೋಣೆಯಿಂದ ಕಾರ್ಕಳಕ್ಕೆ ಹೋಗಲು ತುಳಿದವರು. ಹೋದರು, ನನ್ನನ್ನೂ ಕರೆದುಕೊಂಡು ಹೋದರು. ಇದನ್ನು ಅಲ್ಲಿ ಎಲ್ಲರಿಗೂ ಕೇಳುವಂತೆಯೇ ಹೇಳಿದೆ. ನಿಮಗೂ ವಯಸ್ಸಾಯಿತು, ಇನ್ನಾದರೂ ಬಿಡಿ ಎಂದು ಈಗ ನನಗೆ ಹೇಳುವವರಿದ್ದಾರೆ. ಹೇಳಲಿ.

ಮೊನ್ನೆ ಭಾನುವಾರ ಅದೇ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದೆ. ಗಾರೆ ಕೆಲಸಕ್ಕೆ ಹೊರಟ ಬಿಜಾಪುರ ಕಡೆಯವರೊಬ್ಬರು ಓಡಿ ಬಂದರು. "ಅಕ್ಕಾರ, ಏನಾತ್ರೀ? ನೀರ ತರ್ಲೇನ್ರೀ?"

ಒಂದು ಕಣ್ಣು ತೆರೆದೆ. "ಸತ್ತಿಲ್ಲ ಮಾರಾಯ್ರೆ. ಇನ್ನೂ ಕಾರ್ಕಳಕ್ಕೆ ಹೋಗ್ಲಿಕ್ಕುಂಟು."

ಅವರು ನಕ್ಕರು. ಗೋಡೆಗೆ ಒರಗಿಸಿದ್ದ ಸೈಕಲನ್ನೂ ನನ್ನನ್ನೂ ನೋಡಿ, "ಒಬ್ಬರ ಹೊಂಟೀರೇನ್ರೀ?" ಎಂದರು.

ಎದ್ದು ಚಾಪೆ ಸುತ್ತಿ, ಟ್ಯೂಬಿನ ಗಂಟು ಬಿಗಿದೆ.

"ಹೌದು, ಒಬ್ಬಳೇ" ಎಂದು ಹೇಳಿ ಸೈಕಲ್ ಹತ್ತಿದೆ.